ಬಾನೆಟ್ ಮೇಲಿನ ಬೇಸ್ ಗಿಟಾರ್

೨೦೦೩ರಲ್ಲಿ ಶಿರಸಿಯಲ್ಲಿ ನನ್ನದೊಂದು ವಾದ್ಯ ರಿಪೇರಿ ಅಂಗಡಿಯಿತ್ತು. ಹಾರ್ಮೋನಿಯಂ ಹೊಟ್ಟೆಪಾಡು, ಗಿಟಾರ್ ನನ್ನ ಹುಚ್ಚು. ಬಿಚ್ಚಿ ನೋಡಿದರೆ ಯಾವ ವಾದ್ಯದ ರೋಗವನ್ನೂ ಹೇಳಬಲ್ಲೆನೆಂಬ ಜಂಬವಿತ್ತು. ಈಗಲೂ ಇದೆ, ಸ್ವಲ್ಪ ತಿದ್ದುಪಡಿಯಾಗಿದೆ ಅಷ್ಟೆ.

ಒಂದು ಸೋಮವಾರ ಯಲ್ಲಾಪುರದ ಇಮ್ತಿಯಾಜ್ ಎರಡು ಬೇಸ್ ಗಿಟಾರ್, ಅಂದರೆ ಹಾಡಿನ ತಗ್ಗು ಸ್ವರ ಹಿಡಿಯುವ ದಪ್ಪ ತಂತಿಯ ಗಿಟಾರ್, ಹೊತ್ತು ಬಂದ. ಅಣ್ಣನ ಲಾರಿ ಓಡಿಸುತ್ತಿದ್ದ. ಮದುವೆ ಹಂಗಾಮಿನಲ್ಲಿ ಅದರಲ್ಲೇ ಆರ್ಕೆಸ್ಟ್ರಾದ ಸಾಮಾನು ಸಾಗಿಸಿ, ತಾನೂ ಬೇಸ್ ನುಡಿಸುತ್ತಿದ್ದ. ಎರಡೂ ಒಂದೇ ಕಂಪನಿಯ ಅಗ್ಗದ ಮಾದರಿ. ಒಂದು ೧೯೯೨ರದು, ಇನ್ನೊಂದು ಹಿಂದಿನ ವರ್ಷ ಕೊಂಡದ್ದು. ಹಳೆಯದರ ಪಿಕಪ್, ಅಂದರೆ ತಂತಿಯ ಕಂಪನವನ್ನು ಆಂಪ್ಲಿಫೈಯರಿಗೆ ಮುಟ್ಟಿಸುವ ಭಾಗ, ಸತ್ತಿತ್ತು. ಹೊಸದರ ನೆಕ್, ತಂತಿಯ ಮೇಲೆ ಬೆರಳೊತ್ತುವ ಆ ಉದ್ದನೆಯ ಕತ್ತು, ಬಿಲ್ಲಿನಂತೆ ಬಾಗಿತ್ತು.

“ಹಳೇ ಮಾಲೇ ಗಟ್ಟಿ ಭಟ್ರ, ಹೊಸಾದು ಬರೇ ಬಣ್ಣ. ಫ್ಯಾಕ್ಟರಿ ದೋಷ ಅಂತ ಬರ್ದು ಕೊಡ್ರಿ, ಅಂಗಡ್ಯಾವ ಬದಲಿ ಕೊಡ್ತಾನ” ಎಂದ. ಆಮೇಲೆ ದನಿ ತಗ್ಗಿಸಿ, “ಶನಿವಾರ ಮತ್ತ ಅಪಸ್ವರ ಬಂದ್ರ, ಕೀಬೋರ್ಡಿನಾಗೇ ಬೇಸ್ ಬಾರಸ್ತೇವಿ, ನೀ ಬ್ಯಾಡ ಅಂದಾರ ಆರ್ಕೆಸ್ಟ್ರಾ ಮಾಲಕರು” ಎಂದು ಸೇರಿಸಿದ.

ಎರಡನ್ನೂ ಬಿಚ್ಚಿದೆ. ಹಳೆಯದರ ಒಡಲು ಪದರ ಪದರದ ಪ್ಲೈವುಡ್. ನೆಕ್ ಕೂಡುವ ಸಂದಿಗೆ ರಟ್ಟಿನ ಚೂರು ತುರುಕಿದ್ದರು. ತಂತಿಯ ಎಳೆತಕ್ಕೆ ನೆಕ್ ಬಾಗದಂತೆ ಒಳಗಿಂದ ಹಿಡಿಯುವ ಕಬ್ಬಿಣದ ಸರಳಿಗೆ ಟ್ರಸ್ ರಾಡ್ ಎನ್ನುತ್ತಾರೆ. ಅದು ತುಕ್ಕು ಹಿಡಿದು ಅಲುಗಲೂ ಇಲ್ಲ. ಹೊಸದರದು ಇಡೀ ಮರ, ಸಂದಿಯಲ್ಲಿ ಕಾಗದವೂ ತೂರದಷ್ಟು ಬಿಗಿ, ರಾಡ್ ಬೆಣ್ಣೆಯಂತೆ ತಿರುಗಿತು. ಹತ್ತು ವರ್ಷದಲ್ಲಿ ಅಗ್ಗದ ಮಾಲು ಇಷ್ಟು ಸುಧಾರಿಸಿತ್ತು. ಹಾಗಾದರೆ ಬಾಗಿದ್ದೇಕೆ? ಬೆನ್ನಿನ ಪಾಲಿಶ್ ಒಂದೆಡೆ ಗುಳ್ಳೆ ಎದ್ದಿತ್ತು. ಮೂಸಿದೆ, ಡೀಸೆಲ್ ವಾಸನೆ.

“ಇದನ್ನ ಎಲ್ಲಿಡ್ತೀಯ ಮಾರಾಯ?”

“ಕ್ಯಾಬಿನ್ನಾಗ್ರೀ, ಬಾನೆಟ್ ಮ್ಯಾಲೆ, ಚಾದರ ಹೊಚ್ಚಿ. ಹಳೇದು ಹಿಂದ ಸ್ಪೀಕರ್ ಜೋಡಿ ಬಿದ್ದಿರ್ತದ.”

ಆಗಿನ ಲಾರಿಗಳಲ್ಲಿ ಎಂಜಿನ್ ಕ್ಯಾಬಿನ್ನಿನೊಳಗೇ. ಅದರ ಮುಚ್ಚಳವೇ ಬಾನೆಟ್. ಅರಬೈಲ್ ಘಟ್ಟ ಏರುವಷ್ಟರಲ್ಲಿ ಅದರ ಮೇಲೆ ಕೈಯಿಡಲಾಗದು. ಅಕ್ಕರೆಯಿಂದ ಕೂರಿಸಿ, ಮರ ಬಾಗುವಷ್ಟು ಕಾಯಿಸಿಬಿಟ್ಟಿದ್ದ. ಹೇಳಿದಾಗ ಅವನ ಮುಖ ಬಾಡಿತು, ನನಗೂ ಅಯ್ಯೋ ಎನಿಸಿತು.

ಫ್ಯಾಕ್ಟರಿ ದೋಷದ ಚೀಟಿ ಬರೆಯಲಿಲ್ಲ. ನೆಕ್ಕಿಗೆ ಕ್ಲ್ಯಾಂಪ್ ಬಿಗಿದು, ಮೂರು ದಿನ, ದಿನಕ್ಕೆ ಕಾಲು ಸುತ್ತಿನಂತೆ ರಾಡ್ ತಿರುಗಿಸಿದೆ. ನೆಕ್ಕಿನಿಂದ ಐದು ಮಿಲಿಮೀಟರ್ ಎದ್ದಿದ್ದ ತಂತಿ ಎರಡೂವರೆಗೆ ಇಳಿಯಿತು. ಹಳೆಯದು ಹೀಗೆ ಬಾಗಿದ್ದರೆ ಒಲೆಗೇ ಸೈ.

ಶನಿವಾರ ಮಧ್ಯಾಹ್ನದ ಆರತಕ್ಷತೆಗೆ ನಾನೂ ಹೋದೆ. ಮೊದಲ ಹಾಡಿಗೇ ಇಮ್ತಿಯಾಜ್ ಹೊಸ ಬೇಸನ್ನು ಎದೆಗೆ ತಾಗುವಂತೆ ನುಡಿಸಿದ. ಮಾಲೀಕರು ಮುಂದಿನ ತಿಂಗಳ ಕಾರ್ಯಕ್ರಮಕ್ಕೂ ಅವನನ್ನೇ ಕರೆದರು.

ಸಾಮಾನು ಹೇರುವಾಗ ನೋಡಿದರೆ, ಬಾನೆಟ್ ಮೇಲೆ ಯಾರೋ ಇಟ್ಟಿದ್ದ ಮಾಲೀಕರ ಕೀಬೋರ್ಡು! ಇವನ ಅನ್ನ ಕಸಿಯಲಿದ್ದದ್ದು ಅದೇ. ಇಮ್ತಿಯಾಜ್ ಅದನ್ನೆತ್ತಿ ಹಿಂದಕ್ಕೊಯ್ದು, ತನ್ನ ಬೇಸ್ ಪಕ್ಕ ಮಲಗಿಸಿ, ಅದೇ ಚಾದರ ಹೊದಿಸಿದ. “ಅದರದೇನು ತಪ್ಪೈತ್ರೀ ಭಟ್ರ?” ಎಂದ. ನನ್ನ ಕಣ್ಣು ತುಂಬಿತು.

ಅಂದಿನಿಂದ ಯಾವ ವಾದ್ಯ ಬಂದರೂ ನಾನು ಮೊದಲು ಬಿಚ್ಚುವುದಿಲ್ಲ. ಎಲ್ಲಿಡ್ತೀರಿ ಎಂದು ಕೇಳುತ್ತೇನೆ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯುತ್ತೇನೆ.