ಮೂಲೆಯ ಮಬ್ಬು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಿರುಕಿನಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕಟ್ಟಡಗಳ ಗೋಡೆ ಬಿಟ್ಟ ಬಿರುಕುಗಳ ಫೋಟೋ ತೆಗೆಯುವುದು ಅವಳ ಕೆಲಸ. ಪ್ರತಿ ತಿಂಗಳೂ ಅದೇ ಜಾಗದಲ್ಲಿ ನಿಂತು ಅದೇ ಬಿರುಕನ್ನು ತೆಗೆದು, ಹಿಂದಿನ ತಿಂಗಳಿನದರ ಪಕ್ಕ ಇಟ್ಟು ನೋಡಿ, ಬೆಳೆದಿದೆಯೋ ಇಲ್ಲವೋ ಎಂದು ಇಂಜಿನಿಯರಿಗೆ ಹೇಳಬೇಕು. ನೆಂಟರ ಮನೆಗೆ ಹೋದರೂ ಮೊದಲು ಗೋಡೆ ನೋಡಿ ಆಮೇಲೆ ನೆಂಟರ ಮುಖ ನೋಡುವವಳು. ಇಂಥ ಕೆಲಸದವಳಿಗೆ ಗಟ್ಟಿ ಗುಂಡಿಗೆ ಇರಬೇಕು ಎಂದುಕೊಂಡರೆ ಅದು ನಿಮ್ಮ ತಪ್ಪು. ಅವಳಷ್ಟು ಪುಕ್ಕಲಿ ಆ ಬೀದಿಯಲ್ಲೇ ಇರಲಿಲ್ಲ. ಹಲ್ಲಿ ಕಂಡರೆ ಕೋಣೆ ಬಿಟ್ಟು ಓಡುತ್ತಿದ್ದಳು. ಚಿಕ್ಕಂದಿನಲ್ಲಿ ಬಚ್ಚಲಿಗೆ ಹೋಗಬೇಕಾದರೂ ತನಗಿಂತ ಚಿಕ್ಕವಳಾದ ತಂಗಿಯನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುತ್ತಿದ್ದಳು.

ಹಿಂದಿನ ವರ್ಷ ಕಚೇರಿಗೆ ಹೊಸ ಕ್ಯಾಮೆರಾ ಕೊಳ್ಳುವ ಹೊಣೆ ಅವಳ ತಲೆಗೇ ಬಿತ್ತು. ಅಂಗಡಿಯವನು ಎರಡನ್ನು ತಂದು ಮುಂದಿಟ್ಟ. ಎರಡೂ ಅಂಗೈಯಲ್ಲಿ ಹಿಡಿಸುವಂಥವು, ಎರಡಕ್ಕೂ ಬಿಚ್ಚಲಾಗದ ಒಂದೇ ಲೆನ್ಸು. ಜೂಮ್ ಎಂಬುದಿಲ್ಲ; ಹತ್ತಿರದಿಂದ ಬೇಕಾದರೆ ಕಾಲಲ್ಲೇ ಹತ್ತಿರ ಹೋಗಬೇಕು. ಆದರೆ ಒಂದರ ಬೆಲೆ ಇನ್ನೊಂದರ ಎರಡರಷ್ಟು.

"ಅಷ್ಟೊಂದು ವ್ಯತ್ಯಾಸ ಯಾಕೆ?" ಎಂದು ಕೇಳಿದಳು.

"ಲೆನ್ಸಿಂದು ಮೇಡಂ. ನಡುವೆ ಎರಡೂ ಒಂದೇ. ಇದರಲ್ಲಿ ಮೂಲೆಗಳು ಸ್ವಲ್ಪ ಮಬ್ಬು ಬರುತ್ತೆ. ಅದು ಅಂಚಿನ ತನಕ ಕೂದಲೆಳೆನೂ ಬಿಡಲ್ಲ."

ದುಬಾರಿಯದನ್ನು ಕೈಗೆತ್ತಿಕೊಂಡಳು. ಕೈಜಾರಿ ಬಿದ್ದರೆ? ಇಷ್ಟೊಂದು ಬೆಲೆ ಯಾಕೆ ಎಂದು ಇಂಜಿನಿಯರು ಕೇಳಿದರೆ? ಮೆಲ್ಲಗೆ ಕೆಳಗಿಟ್ಟಳು. ಬಿರುಕು ಹೇಗೂ ಫೋಟೋದ ನಡುವೆ ತಾನೇ ಇರುತ್ತದೆ, ಮೂಲೆ ಕಟ್ಟಿಕೊಂಡು ಏನಾಗಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಗ್ಗದ್ದನ್ನು ತಂದಳು. ಅವಳ ಹೆದರಿಕೆಯೇ ಆರಿಸಿದ ಕ್ಯಾಮೆರಾ ಅದು. ಇಂಜಿನಿಯರು ಮೆಚ್ಚಿ ತಲೆದೂಗಿದರು.

ತಂಗಿ ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯೂ ಅವಳ ಪಾಲಿಗೇ ಬಂದಿತ್ತು. ಮೇಲಿನ ಮಹಡಿಯಲ್ಲಿ ಹೊಲಿಗೆಯ ಹಾಲ್, ಅದಕ್ಕೆ ಒಂದೇ ಮೆಟ್ಟಿಲಸಾಲು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಓರೆಯಾಗಿ ಏರಿಹೋದ ಬಿರುಕು ಎತ್ತರದಲ್ಲಿ, ಕತ್ತಲಲ್ಲಿ, ತೊಲೆಯ ಕೆಳಗೆ ನಿಂತಿತ್ತು. ಆ ಇಕ್ಕಟ್ಟಿನಲ್ಲಿ ನಿಲ್ಲಲು ಇದ್ದದ್ದು ಒಂದೇ ಜಾಗ. ಅಲ್ಲಿ ನೆಲಕ್ಕೆ ಬಣ್ಣದಲ್ಲಿ ಎರಡು ಪಾದ ಬರೆದುಕೊಂಡಿದ್ದಳು. ಅಲ್ಲಿಂದ ತೆಗೆದರೆ ಬಿರುಕಿನ ತುದಿ ಫೋಟೋದ ಮೇಲಿನ ಮೂಲೆಗೆ ಹೋಗಿ ಕೂರುತ್ತಿತ್ತು. ತಿಂಗಳು ತಿಂಗಳೂ ಎರಡು ಮಬ್ಬು ಮೂಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಬದಲಾವಣೆ ಇಲ್ಲ ಎಂದು ಬರೆಯುತ್ತಿದ್ದಳು. ಮಬ್ಬಿಗೂ ಮಬ್ಬಿಗೂ ವ್ಯತ್ಯಾಸ ಎಲ್ಲಿ ಕಂಡೀತು?

ಈ ಸಲ ಅವಳ ಕ್ಯಾಮೆರಾ ಕೆಟ್ಟು ರಿಪೇರಿಗೆ ಹೋಯಿತು. ಅಂಗಡಿಯವನು ಒಳ್ಳೆಯವನು, ಒಂದು ದಿನದ ಮಟ್ಟಿಗೆ ಆ ದುಬಾರಿಯದನ್ನೇ ಕೊಟ್ಟ. ಬಣ್ಣದ ಪಾದಗಳ ಮೇಲೆ ನಿಂತು ತೆಗೆದಳು. ಪರದೆಯ ಮೇಲೆ ಮೂಲೆಯನ್ನು ಹಿಗ್ಗಿಸಿ ನೋಡಿದಳು. ಬಿರುಕು ತೊಲೆಯ ಕೆಳಗೆ ನಿಂತಿರಲಿಲ್ಲ. ತೊಲೆಯನ್ನು ದಾಟಿ, ಹೊಲಿಗೆ ಹಾಲ್‌ನ ನೆಲದ ಕಡೆಗೆ ಕವಲೊಡೆದು ಹೋಗಿತ್ತು. ಎಂದಿನಿಂದ ಹೀಗಿದೆ? ನಿನ್ನೆಯಿಂದಲೋ, ವರ್ಷದಿಂದಲೋ? ಅದನ್ನು ಹೇಳಬಲ್ಲ ಒಂದು ಫೋಟೋವೂ ಅವಳ ಬಳಿ ಇರಲಿಲ್ಲ.

ಕೂಡಲೇ ಇಂಜಿನಿಯರಿಗೆ ಫೋನು ಮಾಡಿದಳು.

"ಬದಲಾವಣೆ ಇಲ್ಲ ಅಂತ ಪ್ರತಿ ತಿಂಗಳೂ ನೀವೇ ತಾನೇ ಹೇಳ್ತಾ ಬಂದಿದ್ದು? ಗಾಬರಿ ಬೀಳಬೇಡಿ. ನಾಳೆ ಬಂದು ನೋಡ್ತೀನಿ," ಎಂದರು.

ನಾಳೆ. ಮೇಲೆ ಮೆಷಿನ್ನುಗಳು ಗರಗರ ಓಡುತ್ತಿದ್ದವು. ಗೋಡೆಗೆ ಅಂಗೈ ಇಟ್ಟಳು, ಗೋಡೆ ಅದುರುತ್ತಿತ್ತು. ಹಿಂದೆ ಬೀದಿಯ ಬಾಗಿಲು ತೆರೆದೇ ಇತ್ತು. ಅದರಾಚೆ ಬಿಸಿಲು, ಜನ. ಓಡಿಹೋಗಬೇಕು ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಮೇಲೆ ತಂಗಿ ಇದ್ದಳು. ಅಕ್ಕ ಬಿರುಕಿನ ಪಕ್ಕದಲ್ಲೇ, ಗೋಡೆಯನ್ನು ಮುಟ್ಟದೆ, ಒಂದೊಂದೇ ಮೆಟ್ಟಿಲು ಹತ್ತಿದಳು.

"ಎಲ್ಲರೂ ಕೆಳಗಿಳೀರಿ. ಗೋಡೆ ನಂಬೋ ಹಾಗಿಲ್ಲ," ಎಂದಳು. ಮೆಷಿನ್ನುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

ಸೂಪರ್‌ವೈಸರ್ ಹುಬ್ಬೇರಿಸಿದ. "ಯಾರಮ್ಮ ಹೇಳಿದ್ದು? ಇಂಜಿನಿಯರಾ?"

"ಇಲ್ಲ, ನಾನು. ಇಷ್ಟು ದಿನ ನಾನು ತೆಗೆದ ಫೋಟೋ ತಪ್ಪು."

"ಇವತ್ತಿಂದು ಮಾತ್ರ ಸರಿಯಾ?"

ಯಾರೋ ಕಿಸಕ್ಕೆಂದರು. ಬಿರುಕಿನಕ್ಕನ ಪುಕ್ಕಲುತನ ಅಲ್ಲಿ ಎಲ್ಲರಿಗೂ ಗೊತ್ತು. ಊಟದ ಹೊತ್ತಿಗೆ ತಂಗಿಯೇ ಹೇಳಿ ಎಷ್ಟೋ ಸಲ ನಗಿಸಿದ್ದಳು. ಒಂದು ಮೆಷಿನ್ನೂ ನಿಲ್ಲಲಿಲ್ಲ. ಅಕ್ಕನಿಗೆ ಅಳು ಬಂತು. ಆದರೂ ಹೊಸ್ತಿಲು ಬಿಟ್ಟು ಕದಲಲಿಲ್ಲ.

ತಂಗಿ ತಲೆಯೆತ್ತಿ ನೋಡಿದಳು. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ನಗುತ್ತಿದ್ದ ತಂಗಿಯ ಬಾಯಿ ಮುಚ್ಚಿತು. ಕೈಲಿದ್ದ ಬಟ್ಟೆ ಬಿಟ್ಟು, ತನ್ನ ಮೆಷಿನ್ನಿನ ಸ್ವಿಚ್ಚು ಆರಿಸಿ ಎದ್ದು ನಿಂತಳು.

"ನಮ್ಮಕ್ಕ ಹೆದರಿದ್ರೆ ಹೊರಗೆ ಓಡೋಳು," ಎಂದಳು. "ಇವತ್ತು ಮೇಲೆ ಹತ್ತಿ ಬಂದಿದ್ದಾಳೆ. ನಡೀರಿ."

ಪಕ್ಕದ ಮೆಷಿನ್ನು ನಿಂತಿತು, ಅದರ ಹಿಂದಿನದು ನಿಂತಿತು, ಎಲ್ಲವೂ ನಿಂತವು. ಆಗ, ಇಷ್ಟು ದಿನ ಆ ಗದ್ದಲದಲ್ಲಿ ಯಾರಿಗೂ ಕೇಳಿಸದೇ ಇದ್ದದ್ದು ಕೇಳಿಸಿತು. ಮೆಟ್ಟಿಲ ಕಡೆ ಗೋಡೆಯೊಳಗಿಂದ ಸಣ್ಣಗೆ ಮರಳು ಸುರಿಯುತ್ತಿತ್ತು. ಸೂಪರ್‌ವೈಸರ್ ಎಲ್ಲರಿಗಿಂತ ಮೊದಲು ಬಾಗಿಲತ್ತ ಓಡಿದ.

ಕೊನೆಗೆ ಉಳಿದವರು ಅಕ್ಕ ತಂಗಿ ಇಬ್ಬರೇ. ಇಳಿಯಲು ಅಕ್ಕನ ಕಾಲೇಳಲಿಲ್ಲ. ಜೀವಮಾನವಿಡೀ ಬಿರುಕು ನೋಡಿದವಳು ಈ ಒಂದನ್ನು ನೋಡಲಾರದೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತಂಗಿ ಅವಳ ಕೈ ಹಿಡಿದು, "ನಾನಿದ್ದೀನಿ ಬಾ," ಎನ್ನುತ್ತ, ಚಿಕ್ಕಂದಿನಲ್ಲಿ ಬಚ್ಚಲ ಬಾಗಿಲಿನಿಂದ ಕರೆತರುತ್ತಿದ್ದ ಹಾಗೆಯೇ, ಒಂದೊಂದು ಮೆಟ್ಟಿಲಾಗಿ ಬೀದಿಗೆ ಇಳಿಸಿದಳು.