ಖಂಡೇನವಮಿಗೆ ವಿಶ್ರಾಂತಿ ಪಡೆದ ಪಾಮ್‌ಟಾಪ್

ಹೋದ ವಾರ ಮೊಬೈಲಿಗೆ ಹೊಸ ಗಾಜು ಹಾಕಿಸಲು ಪುಣೆಯ ಕೊಂಢವಾ ಬಡಾವಣೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ಹಳೆಯ ಚಾರ್ಜರುಗಳ ರಾಶಿಯಲ್ಲಿ ಅಂಗೈಯಗಲದ ಬೂದುಬಣ್ಣದ ಪುಟ್ಟ ಕಂಪ್ಯೂಟರ್, ಹಳೇ ಕಾಲದ ಪಾಮ್‌ಟಾಪೊಂದು ಬಿದ್ದಿತ್ತು. ಬರೆಯುವ ಪ್ಲಾಸ್ಟಿಕ್ ಕಡ್ಡಿ ಮಗ್ಗುಲಲ್ಲಿ ಹಾಗೇ ಇತ್ತು. ಅಂಗಡಿಯವನಿಗೆ ಅದು ಏನೆಂದೇ ಗೊತ್ತಿಲ್ಲ. ನನಗೆ ಮಾತ್ರ ಬಾಜೂ ಮನೆಯ ಕಾಕಾ ಕಣ್ಣೆದುರು ಬಂದು ನಿಂತರು...

ಕಾಕಾ ಧಾರವಾಡದ ಕಡೆಯವರು. ಪುಣೆಯಲ್ಲಿ ಮೋಟಾರು ಬಿಡಿಭಾಗಗಳ ವ್ಯಾಪಾರ. ಆದರೆ ಇಲ್ಲಿನ ಕನ್ನಡದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ರಕ್ತಕ್ಕಾಗಿ. ಯಾರದು ಯಾವ ಗುಂಪು, ಕರೆದರೆ ಯಾರು ಬರುತ್ತಾರೆ, ಎಲ್ಲ ಅವರ ಡೈರಿಯಲ್ಲಿತ್ತು. ಭಾವಮೈದುನ ದುಬೈಯಿಂದ ಪಾಮ್‌ಟಾಪ್ ತಂದುಕೊಟ್ಟದ್ದೇ ತಡ, ವಾರವಿಡೀ ಕೂತು ಅಷ್ಟನ್ನೂ ಅದರೊಳಗೆ ತುಂಬಿದರು. ಆ ಯಂತ್ರ ಒಪ್ಪುವ ರೀತಿಯಲ್ಲೇ ಇಂಗ್ಲಿಷ್ ಅಕ್ಷರ ಗೀಚಬೇಕಿತ್ತು. ಕಾಕಾ ಐವತ್ತರ ಮೇಲೆ ಮತ್ತೆ ಅಕ್ಷರ ತಿದ್ದಿದರು ಅನ್ನಿ. ಮದುವೆ ಮನೆಗಳಲ್ಲಿ ಜನ ಪಂಕ್ತಿ ಬಿಟ್ಟು ಅವರ ಸುತ್ತ ನೆರೆಯುತ್ತಿದ್ದರು.

"ಇನ್ನ ಡೈರಿ ಯಾಕ ಬೇಕ್ರಿ?" ಎಂದು ಹಳೆಯ ಡೈರಿಯನ್ನು ರದ್ದಿಗೆ ಹಾಕಿಯೇಬಿಟ್ಟರು, ಮಹಾರಾಯರು!

ಎರಡು ವರ್ಷ ಅದರದೇ ದರ್ಬಾರು. ಆಮೇಲೆ ಬಂತು ಖಂಡೇನವಮಿ. ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ, ವಿಶ್ರಾಂತಿ. ಕಾಕಾ ಪಾನಾ ಇಕ್ಕಳಗಳ ಜೊತೆ ಪಾಮ್‌ಟಾಪನ್ನೂ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ವಿಶ್ರಾಂತಿ ಎಂದರೆ ಪೂರಾ ವಿಶ್ರಾಂತಿ ಎಂದು ಸೆಲ್ಲುಗಳನ್ನೂ ತೆಗೆದಿಟ್ಟರು. ಅವರು ಯಾವಾಗಲೂ ಚಕಚಕನೆ ಸೆಲ್ ಬದಲಿಸಿದವರು. ಒಂದೆರಡು ನಿಮಿಷ ಖಾಲಿ ಬಿಟ್ಟರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಮರುದಿನ ದಸರೆಯ ಬೆಳಗ್ಗೆ ನಮ್ಮವ್ವ ಮೆಟ್ಟಿಲಿಂದ ಬಿದ್ದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಇವತ್ತೇ ಆಪರೇಷನ್ ಆಗಬೇಕು, ಓ ನೆಗೆಟಿವ್ ರಕ್ತ ತನ್ನಿ ಎಂದರು ಡಾಕ್ಟರು. ರಕ್ತನಿಧಿಯಲ್ಲಿ ಆ ಗುಂಪು ಇರಲಿಲ್ಲ. ಓಡಿಬಂದು ಕಾಕಾ ಅವರ ಬಾಗಿಲು ಬಡಿದೆ. ಅವರು ಸೆಲ್ ಹಾಕಿದರು. ಪರದೆ ಬೆಳಗಿತು. ಹೆಸರು ಒಂದೂ ಇಲ್ಲ.

ನನಗೆ ಪಿತ್ತ ನೆತ್ತಿಗೇರಿತು. "ನಮ್ಮವ್ವಗ ಏನರೆ ಆದ್ರ ನೀವ ಕಾರಣ! ಡಬ್ಬಿಗೆ ಪೂಜಿ ಮಾಡ್ಕೋತ ಕೂಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಕಾಕಾ ಕಣ್ಣು ಮುಚ್ಚಿ ಒಂದೊಂದೇ ಹೆಸರು ನೆನೆಸಿಕೊಂಡರು... "ಭೋರ್ ಊರಾಗ ಅದ ಗುಂಪಿನ ಒಬ್ಬರು ಮಾಸ್ತರ್ ಇದ್ದಾರ. ನಂಬರ್ ನೆನಪಿಲ್ಲ, ಮನಿ ನೆನಪದ. ನೀ ಅವ್ವನ ಹತ್ರ ಇರು," ಎಂದವರೇ ಐವತ್ತು ಕಿಲೋಮೀಟರಾಚೆಯ ಆ ಊರಿಗೆ ಸ್ಕೂಟರ್ ಹತ್ತಿದರು.

ಬಿಸಿಲು ಇಳಿಯುವ ಮೊದಲೇ ಮಾಸ್ತರರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದರು. ಮಾಸ್ತರರು ಹಬ್ಬದ ಎಲೆಯ ಮುಂದಿಂದ ಎದ್ದು ಬಂದಿದ್ದರು. ಅವ್ವ ಉಳಿದಳು.

ಮುಂದೆ ಎಲ್ಲರ ಕೈಗೂ ಮೊಬೈಲು ಬಂದು ಪಾಮ್‌ಟಾಪನ್ನು ಕೇಳುವವರೇ ಇಲ್ಲದಾದರು. ಕಾಕಾ ಹೊಸ ಡೈರಿ ತಂದು, ಮನೆಮನೆ ಅಲೆದು ಪಟ್ಟಿಯನ್ನು ಮೊದಲಿಂದ ಬರೆದರು. ನನ್ನನ್ನು ಏನೂ ಆಗಿಲ್ಲವೆಂಬಂತೆ ಮಾತಾಡಿಸುತ್ತಿದ್ದರು. ಅದಕ್ಕೇ ನನಗೆ ನಾಚಿಕೆ. ತಪ್ಪಾಯಿತೆಂದು ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುತ್ತ ವರ್ಷಗಳೇ ಹೋದವು...

ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ಅವ್ವನಿಗೀಗ ಎಂಬತ್ತೆರಡು. ಹೋದ ವಾರ ಊಟಕ್ಕೆ ಕೂತಾಗ ಅವರ ಮಾತು ಬಂತು.

"ಅವತ್ತ ಬಾಯಿಗೆ ಬಂದಂಗ ಬೈದಿದ್ದಿ. ತಪ್ಪಾತು ಅಂತ ಅವರಿಗೆ ಹೇಳಿದ್ದೀಯಲ್ಲಪಾ?" ಎಂದಳು.

"ಹೇಳೀನಿ ಬೇ," ಅಂದೆ.

ಹೇಳಿರಲಿಲ್ಲ.