ನೆನೆಯದ ಉಡಿ

ಕೃಷ್ಣೆಗೆ ಹೊಸ ನೀರು ಬಂತೆಂದರೆ ಶಿರಗುಪ್ಪಿಯ ಸುಂದರಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಶ್ರಾವಣದಲ್ಲಿ ಸುತ್ತಲಿನ ಹೆಂಗಸರು ಹೊಳೆಗೆ ಉಡಿ ತುಂಬಲು ಬರುತ್ತಿದ್ದರು. ಅರಿಸಿನ, ಕುಂಕುಮ, ಗಾಜಿನ ಬಳೆ, ಹತ್ತಿಯ ರವಿಕೆ ಖಣ, ಒಣಕೊಬ್ಬರಿ ಎಲ್ಲ ಜೋಡಿಸಿ ಕೊಡುವವಳು ಇವಳೇ. ಒಂದು ವರ್ಷ ಮಳೆ ಬಂದು ಯಾರದೋ ಅರಿಸಿನ ದಂಡೆಯಲ್ಲೇ ಕದಡಿ, ಹೊಸ ಸೀರೆ ಹಳದಿಯಾಗಿ ದೊಡ್ಡ ರಂಪವಾಯಿತು. ಆಗ ಸುಂದರಾಳ ತಲೆ ಓಡಿತು. ನಿಪ್ಪಾಣಿ ಪೇಟೆಯಿಂದ ಜರಿಯಂತೆ ಮಿನುಗುವ ಪ್ಲಾಸ್ಟಿಕ್ ಚೀಲ ತಂದು, ಉಡಿಯನ್ನು ಒಳಗಿಟ್ಟು, ಮೇಣದಬತ್ತಿಯ ಉರಿಗೆ ಹಿಡಿದು ಬಾಯಿ ಅಂಟಿಸಿದಳು. ಇನ್ನು ಅದು ನೆನೆಯುವಂತಿಲ್ಲ, ಮುಳುಗುವಂತಿಲ್ಲ. ಮಿನುಗುತ್ತ ದೂರ ತೇಲಿಹೋಗುವುದನ್ನು ಹೆಂಗಸರು ಕೈಮುಗಿದು ನೋಡುತ್ತಿದ್ದರು. ಅದಕ್ಕೆ ಸುಂದರಾನ ಉಡಿ ಎಂದೇ ಹೆಸರು ಬಿತ್ತು. ಆ ಹೆಸರಿನಿಂದ ಅವಳಿಗೆ ಬಂದ ಜಂಬ ಅಷ್ಟಿಷ್ಟಲ್ಲ.

2013ರ ಶ್ರಾವಣದಲ್ಲಿ, ಉಡಿ ತುಂಬುವ ಹಿಂದಿನ ದಿನ, ಅವಳ ಮನೆಯ ಹಿತ್ತಲಿಗೆ ಸಮುದ್ರ ಬಂತು. ತಂದವಳು ಸೊಸೆ ನೀಲಮ, ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಶಾಲೆಯ ಪ್ರದರ್ಶನದಲ್ಲಿ ಸಮುದ್ರದ ಪ್ರವಾಹಗಳನ್ನು ತೋರಿಸಬೇಕಿತ್ತು. ಕಬ್ಬಿನ ಊರಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ಬೆಲ್ಲ ಕಾಯಿಸುವ ದೊಡ್ಡ ಕಡಾಯಿಗೆ ಪೈಪು ಹಚ್ಚಿ ನೀರು ತುಂಬಿಸಿದಳು.

"ಅತ್ತಿ, ನೀವು ಗಾಳಿ ಆಗಬೇಕ್ರಿ," ಎಂದಳು.

"ಗಾಳಿ ಆಗೂದೇನ್ ದೊಡ್ಡ ಮಾತ ಬೇ," ಎಂದು ಸುಂದರಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೆಲ್ಲ ತಿರುವುವ ಉದ್ದ ಹಿಡಿಯ ಹುಟ್ಟು ನೀರಿಗಿಳಿಸಿ ಕಡಾಯಿಯ ಸುತ್ತ ನಡೆದಳು. ನಡಿಗೆ ಓಟವಾಯಿತು. ನೀರು ಅವಳ ಹಿಂದೆ ಬಂತು, ಆಮೇಲೆ ಅವಳನ್ನೇ ಎಳೆಯತೊಡಗಿತು. ಹಿತ್ತಲು, ಕೋಳಿ, ಬೇಲಿಯಾಚೆ ಇಣುಕುತ್ತಿದ್ದ ನೆರೆಮನೆಯ ತಾರವ್ವ, ಎಲ್ಲವೂ ತಿರುಗಿದವು. ಐವತ್ತು ದಾಟಿದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ತಲೆ ಗಿರ್ರನೆ ತಿರುಗಿ ಕಡಾಯಿಯ ಅಂಚಿಗೇ ಆತು ನಿಂತಳು.

ಆಗ ನೀಲಮ ಏನೋ ಮಿನುಗುವ ಚೂರುಗಳನ್ನು ನೀರಿಗೆ ಉದುರಿಸಿದಳು. ಒಂದರ ಹಿಂದೊಂದು ಸುತ್ತು ಹೊಡೆದು, ಮೆಲ್ಲಗೆ ಒಳಗೆ ಸರಿದು, ನಟ್ಟನಡುವೆ ಗುಂಪುಗೂಡಿದವು. ಸುಂದರಾ ಬಗ್ಗಿ ನೋಡಿದಳು.

"ಇದು ನನ್ನ ಉಡಿ ಚೀಲ ಅಲ್ಲೇನ?"

"ಹೌದ್ರಿ, ಹರಿದಿದ್ದೊಂದು ಬಿದ್ದಿತ್ತು. ಖರೇ ಸಮುದ್ರದಾಗ ಗಾಳಿ ಮತ್ತ ಭೂಮಿ ತಿರುಗೂದು ಕೂಡಿ ನೀರನ್ನ ಹಿಂಗ ದೊಡ್ಡ ಸುತ್ತ ಹೊಡಸ್ತಾವ. ತೇಲೂದೆಲ್ಲಾ ಆ ಸುತ್ತಿಗಿ ಸಿಕ್ಕು ನಡುವ ಕೂಡತೈತಿ. ಒಂದಿಷ್ಟು ದಂಡಿಗಿ ಬೀಳತೈತಿ, ಒಂದಿಷ್ಟು ತಳಕ್ಕ ಹೋಗತೈತಿ. ನಮ್ಮ ಹೊಳಿ ಸೇರೂ ಕಡಲಿನಾಗ ಪ್ರವಾಹ ಗಾಳಿ ಬದಲಾದಂಗ ದಿಕ್ಕ ಬದಲಸತೈತ್ರಿ. ಆರು ತಿಂಗಳು ಅತ್ತಾಗ, ಆರು ತಿಂಗಳು ಇತ್ತಾಗ."

"ನನ್ನ ಚೀಲ ಅಲ್ಲೀತನಾ ಹೋಗತಾವ?"

"ಭಾಳಷ್ಟು ದಂಡಿ ಮ್ಯಾಲ, ಆಣೆಕಟ್ಟಿನಾಗ ಸಿಕ್ಕು ಉಳಿತಾವ. ದಾಟಿ ಹೋಗಿದ್ದು ಬಿಸಲಿಗಿ, ತೆರಿಗಿ ಚೂರಾಗಿ ಸಾಸಿವಿಗಿಂತ ಸಣ್ಣ ಆಗತಾವ. ಆದ್ರ ಇಲ್ಲದಂಗ ಆಗೂದಿಲ್ರಿ. ಮೀನಿನ ಹೊಟ್ಟ್ಯಾಗೂ ಸಿಗತಾವ."

ಸುಂದರಾಳಿಗೆ ಹಿತ್ತಲು ಇನ್ನೂ ತಿರುಗುತ್ತಿತ್ತು. "ಒಳಗಿನ ಕುಂಕಮ?"

"ಚೀಲ ಒಡಿಯೂತನಾ ಒಣಗೇ ಇರತೈತಿ."

ಸುಂದರಾ ದೊಪ್ಪನೆ ಕಟ್ಟೆಯ ಮೇಲೆ ಕೂತಳು. "ಅಂದ್ರ ಇಷ್ಟ ವರ್ಷ ಹೊಳೆವ್ವಗ ಉಡಿ ಮುಟ್ಟೇ ಇಲ್ಲ."

ಸುಂದರಾಳಿಗೆ ಒಮ್ಮೆ ನಗು ಬಂತು, ಮರುಗಳಿಗೆ ಕಣ್ಣು ತುಂಬಿತು. ಪಡಸಾಲೆಯಲ್ಲಿ ನಾಳೆಗೆಂದು ಬಾಯಿ ಅಂಟಿಸಿಟ್ಟ ಉಡಿಗಳ ಮೂಟೆಗಳಿದ್ದವು. ಅವನ್ನು ಕೊಡದಿದ್ದರೆ ಕೈಯಾರೆ ಗಳಿಸಿದ ಹೆಸರು ಹೋಗುತ್ತದೆ. ಕೊಟ್ಟರೆ ಹೊಳೆಯ ಮುಖ ನೋಡುವುದು ಹೇಗೆ?

ಮರುದಿನ ದಂಡೆಯಲ್ಲಿ ಮೊದಲು ಕೈ ಚಾಚಿದವಳು ತಾರವ್ವ. ಸುಂದರಾ ಚೀಲವನ್ನು ಹಲ್ಲಿನಿಂದ ಕಚ್ಚಿ ಹರಿದು, ಉಡಿಯನ್ನೆಲ್ಲ ಅವಳ ಸೆರಗಿಗೆ ಸುರಿದಳು.

"ಅಯ್ಯ, ಏನ್ ಮಾಡಾಕತ್ತಿ ಬೇ? ಎಲ್ಲಾ ನೆನಿತೈತಿ," ಎಂದಳು ತಾರವ್ವ.

"ನೆನೀಲಿ. ಹೊಳಿಗಿ ಕೊಟ್ಟಿದ್ದನ್ನ ಹೊಳಿ ಮುಟ್ಟಬಾರದು ಅಂದ್ರ ಹೆಂಗ?"

ಹಿರಿಯಳಾದ ಶಿವಗಂಗವ್ವ ಮೂಗು ಮುರಿದಳು. "ಮಿಂಚಲಿಲ್ಲಂದ್ರ ಅದು ಸುಂದರಾನ ಉಡಿ ಹೆಂಗ ಆದೀತು?"

"ಅದು ನನ್ನ ಉಡಿ ಅಲ್ಲಬೇ ಯಕ್ಕಾ, ಹೊಳೆವ್ವಂದು," ಎಂದು ಸುಂದರಾ ಅವಳದನ್ನೂ ಹರಿದೇಬಿಟ್ಟಳು.

ಗಾಳಿ ಬೀಸಿತು. ಅರಿಸಿನ ಹಾರಿ ಶಿವಗಂಗವ್ವನ ಮೂಗೇ ಹಳದಿಯಾಯಿತು. ಮೊದಲು ನಕ್ಕವಳು ಅವಳೇ. ಆಮೇಲೆ ದಂಡೆಯಲ್ಲಿ ತಡೆಯುವವರಿರಲಿಲ್ಲ. ಹೆಂಗಸರು ಹಲ್ಲಿನಿಂದ, ಉಗುರಿನಿಂದ ಚೀಲ ಹರಿದರು, ಒಬ್ಬರ ಕೆನ್ನೆಗೊಬ್ಬರು ಬಳಿದರು. ಒಂದು ಸೀರೆ ಹಳದಿಯಾಗಿದ್ದಕ್ಕೆ ಒಮ್ಮೆ ರಂಪವಾಗಿತ್ತು, ಇಂದು ಎಲ್ಲರ ಸೀರೆಯೂ ಹಾಗೇ ಆಯಿತು. ನೀಲಮ ಖಾಲಿ ಚೀಲಗಳನ್ನೆಲ್ಲ ಹೆಕ್ಕಿ ಮೂಟೆಗೆ ತುಂಬಿದಳು.

ಕೊನೆಗೆ ಸುಂದರಾ ಮೊಣಕಾಲುದ್ದ ನೀರಿಗಿಳಿದು ತನ್ನ ಪಾಲಿನ ಉಡಿಯನ್ನು ಬಗ್ಗಿ ಬಿಟ್ಟಳು. ಕುಂಕುಮ ಒಂದು ಕ್ಷಣ ಕೆಂಪಾಗಿ ಹರಡಿ ಕರಗಿತು. ಬಳೆ ಮುಳುಗಿದವು. ಖಣ ನೆನೆದು ಭಾರವಾಗಿ ಒಳಗಿಳಿಯಿತು. ನೋಡುತ್ತ ನಿಲ್ಲಲು ಈ ಸಲ ಏನೂ ಉಳಿದಿರಲಿಲ್ಲ.

"ಮುಟ್ಟಿತ ನೋಡ, ನೀಲಾ," ಎಂದಳು ಸುಂದರಾ.